ಹನ್ನೊಂದು ಸೆಕೆಂಡಿನ ಸಾಕ್ಷಿ

ಐಸ್ ಹಾಕಿಯನ್ನು ಹದಿನಾರು ವರ್ಷ ನೋಡಿದ್ದರೂ ಜಯಲಕ್ಷ್ಮಿಗೆ ಆ ಆಟ ಅರ್ಥವಾಗಿರಲಿಲ್ಲ. ಅರ್ಥ ಮಾಡಿಕೊಳ್ಳುವ ಗೋಜಿಗೇ ಅವಳು ಹೋಗಿರಲಿಲ್ಲ ಅಂದರೆ ಸರಿ. ಪಕ್ ಅನ್ನುವ ಆ ಕರಿ ಬಿಲ್ಲೆ ಎತ್ತ ಹೋಯಿತು, ಯಾರು ಹೊಡೆದರು, ರೆಫರಿ ಯಾಕೆ ಸೀಟಿ ಊದಿದ, ಅದೆಲ್ಲ ಗಂಡ ಉದಯಶಂಕರನ ಇಲಾಖೆ. ಅವಳ ಇಲಾಖೆ ಒಂದೇ, ಮಗ ಅಮೋಘ. ಪರ್ತ್ ತಂಡದ ಹದಿನೇಳನೇ ನಂಬರಿನ ಅಂಗಿ. ಆಟ ಶುರುವಾದ ಗಳಿಗೆಯಿಂದ ಫೋನು ಎತ್ತಿ ಹಿಡಿದು ಅವನೊಬ್ಬನನ್ನೇ ತುಣುಕು ತುಣುಕಾಗಿ ವಿಡಿಯೋ ಮಾಡುತ್ತಿದ್ದಳು. ಮೈಸೂರಿನಲ್ಲಿ ಅಕ್ಕ ನಾಗವೇಣಿ ಕಾಯುತ್ತಿರುತ್ತಾಳಲ್ಲ! "ಆ ಕರಿ ಬಿಲ್ಲೆ ಕಟ್ಕೊಂಡು ನಂಗೇನಾಗ್ಬೇಕೇ, ಹುಡುಗನ ಮುಖ ತೋರ್ಸು" ಅನ್ನುವ ಪೈಕಿ ಅವಳು. ಹಾಗಾಗಿ ಆ ತುದಿಯಲ್ಲಿ ಗೋಲು ಆಗುತ್ತಿದ್ದರೆ ಜಯಲಕ್ಷ್ಮಿಯ ಫೋನಿನಲ್ಲಿ ಈ ತುದಿಯಲ್ಲಿ ಅಮೋಘ ಮೂಗು ಒರೆಸಿಕೊಳ್ಳುತ್ತಿರುತ್ತಿದ್ದ.

"ಇದನ್ನ ನೋಡಿದೋರು ನಿನ್ನ ಮಗ ಒಬ್ನೇ ಐಸ್ ಮೇಲೆ ವಾಕಿಂಗ್ ಹೋಗ್ತಾನೆ ಅನ್ಕೋತಾರೆ ಕಣೇ" ಎಂದು ಉದಯಶಂಕರ ಛೇಡಿಸುತ್ತಿದ್ದ. ಛೇಡಿಸಲಿ. ಹೆತ್ತವಳ ಕಣ್ಣು ಬಿಲ್ಲೆಯ ಹಿಂದೆ ಓಡುತ್ತದೆಯೇ?

ಈ ಚಾಳಿ ಇನ್ನೊಬ್ಬಳಿಗೂ ಚೆನ್ನಾಗಿ ಗೊತ್ತಿತ್ತು. ಅವಳು ಡೋರಿಸ್. ಕರಾವಳಿಯ ಶಿರ್ವದ ಕಡೆಯವಳು, ಗಂಡ ಕ್ಯಾಸಿಮಿರ್ ಜೊತೆ ಮಸ್ಕತ್ತಿನಲ್ಲಿ ಹತ್ತು ವರ್ಷ ಇದ್ದು ಆಮೇಲೆ ಪರ್ತಿಗೆ ಬಂದವಳು. ಕ್ಯಾನಿಂಗ್ಟನ್‌ನಲ್ಲಿ ಜಯಲಕ್ಷ್ಮಿಯ ಪಕ್ಕದ ಮನೆ. ಅವಳ ಮಗ ಜೆಫ್ರಿಗೂ ಅಮೋಘನಿಗೂ ಒಂದೇ ವಯಸ್ಸು. ಆರು ವರ್ಷದವರಿದ್ದಾಗ ಶಾಲೆಯವರು ಒಂದು ದಿನ ರಿಂಕ್ ಅನ್ನುವ ಮಂಜಿನ ಅಂಗಳಕ್ಕೆ ಕರೆದುಕೊಂಡು ಹೋದದ್ದೇ ನೆಪ, ಎರಡಕ್ಕೂ ಹುಚ್ಚು ಹತ್ತಿತು. ಚಿಕ್ಕ ಮಕ್ಕಳಿಗೆ ರಿಂಕು ಸಿಗುತ್ತಿದ್ದದ್ದು ಬೆಳಗಿನ ಐದೂವರೆಗೆ. ಒಂದು ವಾರ ಡೋರಿಸ್ ಕಾರು, ಒಂದು ವಾರ ಜಯಲಕ್ಷ್ಮಿಯ ಕಾರು. ಜಯಲಕ್ಷ್ಮಿಯ ವಾರದಲ್ಲಿ ಇಬ್ಬರು ಹುಡುಗರಿಗೂ ಕಾರಿನಲ್ಲೇ ಉಪ್ಪಿಟ್ಟು. ಜೆಫ್ರಿ ಸ್ವಲ್ಪ ಅಂಜುಬುರುಕ, ಅಂಚು ಬಿಟ್ಟು ಮಂಜಿನ ನಡುವೆ ಹೋಗುತ್ತಿರಲಿಲ್ಲ. ಜಯಲಕ್ಷ್ಮಿ ಎದುರು ಬದಿಯಲ್ಲಿ ನಿಂತು ಕೈಚಾಚಿ "ಜೆಫ್ರೀ! ಬಾ ಬಾ, ನಾನಿಲ್ವಾ ಇಲ್ಲಿ" ಎಂದು ಕೂಗಿದರೆ ಸಾಕು, ಕಣ್ಣು ಅವಳ ಮೇಲೇ ನೆಟ್ಟು ಜಾರಿಕೊಂಡು ಬಂದು ಮಡಿಲಿಗೆ ಬೀಳುತ್ತಿದ್ದ. ಮನೆಯಲ್ಲಿ ಕೊಂಕಣಿ, ಹೊರಗೆ ಇಂಗ್ಲಿಷು ಆಡುವ ಹುಡುಗ, ಕನ್ನಡ ಅವನಿಗೆ ಅಷ್ಟಕ್ಕಷ್ಟೇ. ಆದರೂ ಜಯಾ ಆಂಟಿಯ ದನಿ ಸಾವಿರ ಜನರ ನಡುವೆಯೂ ಗುರುತು ಹಿಡಿಯುತ್ತಿದ್ದ.

ಏಳು ವರ್ಷದ ಹಿಂದೆ ಕ್ಯಾಸಿಮಿರ್‌ಗೆ ಅಡಿಲೇಡಿನಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿನ ಮಾಸನ್ ಲೇಕ್ಸ್‌ಗೆ ಹೋದರು. ಆಟಗಾರರಿಗೆ ಸಂಬಳ ಕೊಡುವ ಹೊಸ ಲೀಗ್ ಶುರುವಾದಾಗ ಅಮೋಘ ಪರ್ತ್ ತಂಡಕ್ಕೆ, ಜೆಫ್ರಿ ಅಡಿಲೇಡ್ ತಂಡಕ್ಕೆ ಸೇರಿದರು. ಐಸ್ ಮೇಲೆ ಎದುರಾಳಿಗಳು, ಆಟ ಮುಗಿದ ಮೇಲೆ ಒಂದೇ ತಟ್ಟೆ. ಅಮ್ಮಂದಿರು ವಾರಕ್ಕೆ ಎರಡು ಸಲ ಫೋನಿನಲ್ಲಿ ಗಂಟೆಗಟ್ಟಲೆ ಮಾತು.

ಈ ಆಗಸ್ಟಿನಲ್ಲಿ ಸೆಮಿಫೈನಲ್ ಬಿದ್ದದ್ದು ಅಡಿಲೇಡಿನಲ್ಲಿ, ಶನಿವಾರ ಮಧ್ಯಾಹ್ನ. ಜಯಲಕ್ಷ್ಮಿ ಒಬ್ಬಳೇ ಹೋಗಿದ್ದಳು, ಉದಯಶಂಕರನಿಗೆ ಗಣಿ ಕಂಪನಿಯಲ್ಲಿ ರಜೆ ಸಿಕ್ಕಿರಲಿಲ್ಲ. ಹಿಂದಿನ ದಿನ ಎಲ್ಲರೂ ಗ್ಲೆನೆಲ್ಗ್‌ನ ಕಡಲತೀರದ ಜೆಟ್ಟಿಯ ಮೇಲೆ ಚಳಿಯಲ್ಲೇ ಐಸ್‌ಕ್ರೀಮು ತಿಂದುಕೊಂಡು ಅಡ್ಡಾಡಿದ್ದರು. ಜೆಫ್ರಿ ಅವಳ ಕೈಚೀಲ ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡು ಹೆಂಗಸರ ಹಾಗೆ ನಡೆದು ತೋರಿಸಿ ನಗಿಸಿದ್ದ. "ನಾಳೆ ನಿಮ್ಮ ಮಗನನ್ನ ಸೋಲಿಸ್ತೀನಿ ಆಂಟಿ, ಬೇಜಾರು ಮಾಡ್ಕೋಬೇಡಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಅವಳ ತಲೆ ಸವರಿದ್ದ, ಆರಡಿ ಎರಡಂಗುಲದ ಪುಣ್ಯಾತ್ಮ.

ಮಾರನೇ ದಿನ ಹಾಗೇ ಆಯಿತು. ಸ್ವೀಡನ್ನಿನ ಕ್ಲಬ್ಬೊಂದರ ಮನುಷ್ಯ ಅಮೋಘನನ್ನು ನೋಡಲೆಂದೇ ಬಂದು ಕೂತಿದ್ದ. ಈ ಆಟ ಚೆನ್ನಾಗಿ ಆಡಿದರೆ ಅಮೋಘ ಅಲ್ಲಿಗೆ ಹೋಗುವುದು ಖಂಡಿತ. ಅಂಥ ದಿನವೇ ಜೆಫ್ರಿ ಅವನನ್ನು ಎರಡು ಸಲ ದಾಟಿಕೊಂಡು ಹೋಗಿ ಎರಡು ಗೋಲು ಹೊಡೆದ. ಜಯಲಕ್ಷ್ಮಿಯ ಹಿಂದೆ ಕೂತಿದ್ದ ಒಬ್ಬ ಬಿಯರು ಕುಡಿಯುತ್ತ "ಹದಿನೇಳು ನಿದ್ದೆ ಹೊಡೀತಿದಾನೆ" ಎಂದು ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು. ಹೆತ್ತ ಹೊಟ್ಟೆ, ಏನು ಮಾಡುವುದು! ನಿನ್ನೆ ತಲೆ ಸವರಿದ ಹುಡುಗ ಆ ಗಳಿಗೆಯಲ್ಲಿ ಅವಳ ಮಗನ ಅನ್ನ ಕಿತ್ತುಕೊಳ್ಳುವವನ ಹಾಗೆ ಕಂಡ.

ಅವಳು ಕೂತಿದ್ದದ್ದು ರಿಂಕಿನ ಮೂಲೆಯಲ್ಲಿ, ಗಾಜಿನ ತಡೆಯ ಪಕ್ಕದ ಸಾಲು. ಬಿಲ್ಲೆ ಆಚೆ ತುದಿಗೆ ಹೋಯಿತು. ಎಲ್ಲರ ಕಣ್ಣು, ಎಲ್ಲ ಕ್ಯಾಮೆರಾ, ರೆಫರಿಗಳು, ಎಲ್ಲ ಆ ಕಡೆ. ಈ ಕಡೆ ಅವಳ ಕಾಲ ಕೆಳಗೇ ಅನ್ನುವಷ್ಟು ಹತ್ತಿರದಲ್ಲಿ ಜೆಫ್ರಿ ನಿಧಾನಕ್ಕೆ ಜಾರುತ್ತಿದ್ದ, ಅವನ ಹಿಂದೆ ಅಮೋಘ. ಅವಳ ಫೋನು ಎಂದಿನಂತೆ ಅಮೋಘನ ಮೇಲೆ. ಆಗ ಅವಳು ಕೂಗಿದಳು.

"ಜೆಫ್ರೀನ ಬಿಡ್ಬೇಡ ಕಣೋ! ಹೊಡ್ದು ಬೀಳ್ಸು ಅವನ್ನ!"

ಸುತ್ತ ಕೂತವರೆಲ್ಲ ಬಿಳಿಯರು, ಯಾರಿಗೆ ಅರ್ಥವಾಗಬೇಕು? ಹದಿನಾರು ವರ್ಷದಿಂದ ರಿಂಕುಗಳಲ್ಲಿ ಅವಳು ಕನ್ನಡದಲ್ಲಿ ಬಾಯಿಗೆ ಬಂದದ್ದು ಕೂಗಿದ್ದಾಳೆ. ರೆಫರಿಗೆ ಕತ್ತೆ ಅಂದಿದ್ದಾಳೆ, ಕೋಚಿಗೆ ದರಿದ್ರದವನೇ ಅಂದಿದ್ದಾಳೆ. ಪಕ್ಕದವರು ತಿರುಗಿ ನೋಡಿ ಮುಗುಳ್ನಗುತ್ತಿದ್ದರು, ಪಾಪ, ಹುರಿದುಂಬಿಸುತ್ತಿದ್ದಾಳೆ ಅಂತ. ನಮ್ಮ ಭಾಷೆ ಗೊತ್ತಿಲ್ಲದ ಊರಿನಲ್ಲಿ ಬಾಯಿಗೆ ಲಗಾಮು ಯಾಕೆ ಎಂದುಕೊಂಡಿದ್ದಳು. ಡೋರಿಸ್ ಮತ್ತು ಕ್ಯಾಸಿಮಿರ್ ಎದುರು ಬದಿಯಲ್ಲಿ, ತಮ್ಮ ತಂಡದವರ ಜೊತೆ ಕೂತಿದ್ದರು.

ಆ ಮೂಲೆಯಲ್ಲಿ ಕನ್ನಡ ಬರುತ್ತಿದ್ದವನು ಒಬ್ಬನೇ, ಅಮೋಘ. ಅವನಿಗೆ ಪೂರ್ತಿ ಕೇಳಿಸಿತು. ಜೆಫ್ರಿಗೆ ತನ್ನ ಹೆಸರು ಮಾತ್ರ ಕೇಳಿಸಿತು. ಅವನು ತಲೆ ಎತ್ತಿ, ಕತ್ತು ತಿರುಗಿಸಿ, ಜಯಾ ಆಂಟಿ ಎಲ್ಲಿ ಎಂದು ಮೇಲೆ ನೋಡಿದ. ಹಾಗೆ ನೋಡುತ್ತಿದ್ದಾಗಲೇ ಅಮೋಘ ಸ್ಟಿಕ್ಕನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಹಿಂದಿನಿಂದ ಅವನ ಕುತ್ತಿಗೆಗೆ ಅಪ್ಪಳಿಸಿದ. ಜೆಫ್ರಿ ತಲೆ ಮುಂದಾಗಿ ಅಂಚಿನ ಹಲಗೆಗೆ ಬಡಿದು ಬಿದ್ದ. ಮತ್ತೆ ಏಳಲಿಲ್ಲ.

ಕುತ್ತಿಗೆಯ ಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಗಿತ್ತು. ಎದೆಯಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ, ಬೆರಳು ಮಡಚುವುದಿಲ್ಲ ಎಂದು ಡಾಕ್ಟರು ನಾಲ್ಕನೇ ದಿನ ಹೇಳಿದರು. ಇಪ್ಪತ್ತೆರಡು ವರ್ಷದ ಹುಡುಗ.

ಯಾರೂ ನೋಡಿರಲಿಲ್ಲ. ರೆಫರಿಗಳು ತಿರುಗಿದಾಗ ಅವನು ಬಿದ್ದಿದ್ದದ್ದಷ್ಟೇ ಕಂಡಿತ್ತು. ಲೀಗಿನ ಕ್ಯಾಮೆರಾಗಳು ಬಿಲ್ಲೆಯ ಹಿಂದೆ ಹೋಗಿದ್ದವು. ಅಮೋಘ ಕ್ಲಬ್ಬಿನ ವಕೀಲರ ಎದುರು ಒಂದೇ ಮಾತು ಹೇಳಿದ, ಅವನೇ ಸ್ಕೇಟು ತಪ್ಪಿ ಬಿದ್ದ ಅಂತ. ಆದರೂ ತಂಡದವರ ನಡುವೆ ಗುಸುಗುಸು ಎದ್ದು, ಲೀಗಿನವರು ಬ್ರಿಸ್ಬೇನಿನ ತಮ್ಮ ಆಫೀಸಿನಲ್ಲಿ ಮೂವರ ಶಿಸ್ತು ಸಮಿತಿಯ ವಿಚಾರಣೆ ಇಟ್ಟರು. ಯಾರ ಬಳಿಯಾದರೂ ವಿಡಿಯೋ ಇದ್ದರೆ ಕಳಿಸಿ ಎಂದು ಪ್ರಕಟಣೆ ಕೊಟ್ಟರು. ಪುರಾವೆ ಇಲ್ಲದಿದ್ದರೆ ಆಟದ ನಡುವೆ ಆಕಸ್ಮಿಕ ಎಂದು ಬರೆದು ಕಡತ ಮುಚ್ಚುತ್ತಾರೆ, ಅಮೋಘ ಸ್ವೀಡನ್ನಿಗೆ ಹೋಗುತ್ತಾನೆ.

ಪುರಾವೆ ಇದ್ದದ್ದು ಜಯಲಕ್ಷ್ಮಿಯ ಫೋನಿನಲ್ಲಿ. ಹನ್ನೊಂದು ಸೆಕೆಂಡು.

ಕ್ಯಾನಿಂಗ್ಟನ್ ಮನೆಯ ಅಡುಗೆಮನೆಯಲ್ಲಿ ಅದನ್ನು ಉದಯಶಂಕರನಿಗೆ ತೋರಿಸಿದಳು. ಅವನು ಎರಡು ಸಲ ನೋಡಿ ಕುರ್ಚಿ ಎಳೆದು ಕೂತ. ಅವಳ ಕೂಗನ್ನೂ ಕೇಳಿದ, ಆ ಬಗ್ಗೆ ಒಂದಕ್ಷರ ಆಡಲಿಲ್ಲ. ಅದು ಅವಳಿಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

"ಡಿಲೀಟ್ ಮಾಡ್ಬಿಡು" ಎಂದ ಕೊನೆಗೆ.

"ಹೇಗ್ರೀ ಮಾಡ್ಲಿ? ಡೋರಿಸ್ ಮುಖ ಹೇಗೆ ನೋಡ್ಲಿ?"

"ಕೊಟ್ರೆ ಆ ಹುಡುಗನ ಕಾಲು ವಾಪಸ್ ಬರುತ್ತಾ? ಬರಲ್ಲ. ಇವನ ಜೀವನಾನೂ ಹೋಗುತ್ತೆ. ಇವನು ನಿನ್ನ ಮತ್ತೆ ಅಮ್ಮಾ ಅಂತಾನಾ, ಯೋಚ್ನೆ ಮಾಡು."

ಅವಳಿಗಿದ್ದ ಭಯವೂ ಅದೇ. ಬೇರೆ ಯಾವ ಭಯವೂ ಅಲ್ಲ. ಇರುವುದು ಒಬ್ಬ ಮಗ. ಅವನು ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದ, ತಟ್ಟೆ ಮುಟ್ಟಿದ ಹಾಗೆ ಮಾಡಿ ಎದ್ದು ಹೋಗುತ್ತಿದ್ದ, ಅವಳ ಕಣ್ಣು ತಪ್ಪಿಸುತ್ತಿದ್ದ. ವಿಡಿಯೋ ಇದೆ ಎಂದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಕೇಳಲಿಲ್ಲ. ಅಳಿಸು ಅನ್ನಲೂ ಇಲ್ಲ, ಕೊಡು ಅನ್ನಲೂ ಇಲ್ಲ.

ಎರಡು ವಾರ ಹೀಗೇ ಉಗುಳು ನುಂಗಿಕೊಂಡು ಕಳೆದು, ಕೊನೆಗೆ ತಡೆಯಲಾಗದೆ ಅಡಿಲೇಡಿಗೆ ಹೋದಳು. ಆಸ್ಪತ್ರೆಯ ಬಾಗಿಲಲ್ಲಿ ಡೋರಿಸ್ ಅವಳನ್ನು ಕಂಡದ್ದೇ ತಬ್ಬಿಕೊಂಡು ಗೋಳೋ ಅಂತ ಅತ್ತಳು. ಎಷ್ಟು ಸೊರಗಿ ಹೋಗಿದ್ದಳೆಂದರೆ ಬೆನ್ನಿನ ಮೂಳೆ ಕೈಗೆ ಸಿಕ್ಕಿತು.

ಜೆಫ್ರಿ ಮಲಗಿದ್ದ. ಕುತ್ತಿಗೆಯ ಸುತ್ತ ಗಟ್ಟಿ ಪಟ್ಟಿ. ಕಣ್ಣು ಮಾತ್ರ ಹೊರಳಿಸಿ "ಜಯಾ ಆಂಟಿ" ಎಂದ, ನಕ್ಕ. ಅವನಿಗೆ ನಗಲು ಹೇಗೆ ಮನಸ್ಸು ಬಂತೋ ದೇವರೇ ಬಲ್ಲ.

"ಆಂಟಿ, ನಾನು ಹೇಗೆ ಬಿದ್ದೆ?" ಎಂದು ಇಂಗ್ಲಿಷಿನಲ್ಲೇ ಕೇಳಿದ. "ಎಲ್ಲರೂ ಸ್ಕೇಟು ತಪ್ಪಿತು ಅಂತಾರೆ. ಸುಮ್ನೆ ಹೋಗ್ತಾ ಇರೋನು ನಾನು ಬೀಳ್ತೀನಾ? ಆರು ವರ್ಷದವನಿದ್ದಾಗಿನಿಂದ ನೋಡಿದೀರಲ್ಲ ನೀವು, ನಾನು ಹಾಗೆ ಬೀಳೋನಾ?"

ಜಯಲಕ್ಷ್ಮಿ ಅವನ ಹೊದಿಕೆ ಎಳೆದು ಸರಿಮಾಡಿದಳು. "ಇಲ್ಲಪ್ಪ" ಎಂದಳು. "ನೀನು ಬೀಳೋನಲ್ಲ."

"ನನಗೇನೂ ನೆನಪಿಲ್ಲ. ನೀವು ಕರೆದದ್ದು ಮಾತ್ರ ನೆನಪಿದೆ. ಜೆಫ್ರೀ ಅಂತ."

ಡೋರಿಸ್ ಅವಳನ್ನು ಹೊರಗಿನ ಪಡಸಾಲೆಗೆ ಕರೆದುಕೊಂಡು ಬಂದು ಕೂರಿಸಿದಳು. "ದಿನಕ್ಕೆ ಹತ್ತು ಸಲ ಅದನ್ನೇ ಹೇಳುದು ಮಾರಾಯ್ತಿ. ಜಯಾ ಆಂಟಿ ಕರೆದ್ರು, ಸಣ್ಣದಿರುವಾಗ ಕರೀತಿದ್ರಲ್ಲ ಹಾಗೆ. ರಾತ್ರಿ ಹೆದರಿಕೆ ಆದ್ರೆ ಅದನ್ನ ನೆನಪು ಮಾಡ್ತಾನಂತೆ. ನೀನು ಎಂತದೋ ನೋಡಿದ್ದಿ ಅಲ್ವಾ ಜಯಾ? ಅಪಾಯ ಬರ್ತಾ ಉಂಟು ಅಂತ ನೋಡಿಯೇ ಕೂಗಿದ್ದಲ್ವಾ ನೀನು?"

ಆ ಹೆಂಗಸಿನ ಮುಖ ನೋಡಿಕೊಂಡು ಇಲ್ಲ ಅನ್ನಲು ಯಾರಿಂದ ಆದೀತು? ಜಯಲಕ್ಷ್ಮಿ ತಲೆಯಾಡಿಸಿದಳು. ಹೌದೆಂದು ಆಡಿಸಿದಳು. ಅದೊಂದು ತಲೆಯಾಟ ಅವಳನ್ನು ಹಾಳು ಮಾಡಿತು.

"ನೀನು ಆಟ ಇದ್ದಾಗ ಅಮೋಘನನ್ನೇ ತೆಗೆಯುದು, ನಂಗೆ ಗೊತ್ತುಂಟು" ಎಂದಳು ಡೋರಿಸ್, ಅವಳ ಕೈ ಹಿಡಿದುಕೊಂಡೇ. "ನಾನು ಕೇಳುದಿಲ್ಲ. ಕ್ಯಾಸಿಗೂ ಹೇಳ್ಲಿಲ್ಲ. ನಿಂಗೂ ಮಗ ಇದ್ದಾನೆ. ನೀನಾಗಿ ಕೊಟ್ರೆ ಕೊಡು, ಇಲ್ಲಾಂದ್ರೆ ಇಲ್ಲ."

ಒಂದು ಬೈಗುಳ ಬೈದಿದ್ದರೆ ಜಯಲಕ್ಷ್ಮಿ ತಪ್ಪಿಸಿಕೊಳ್ಳುತ್ತಿದ್ದಳೇನೋ. ಬೈಯಲಿಲ್ಲವಲ್ಲ!

ಪರ್ತಿಗೆ ಬಂದ ಮಾರನೇ ಮಧ್ಯಾಹ್ನ, ಗಂಡ ಕೆಲಸಕ್ಕೆ ಹೋದ ಮೇಲೆ, ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತಳು. ವಿಡಿಯೋ ತೆರೆದಳು. ಜೆಫ್ರಿ ತಾನಾಗಿ ಬೀಳಲಿಲ್ಲ ಎಂದು ಲೋಕಕ್ಕೆ ಗೊತ್ತಾಗಬೇಕು, ಅಷ್ಟು ಅವನಿಗೆ ಸಲ್ಲಬೇಕು. ಮಗ ತಪ್ಪು ಮಾಡಿದ್ದಾನೆ, ಶಿಕ್ಷೆ ಅನುಭವಿಸಲಿ, ಒಂದೆರಡು ವರ್ಷ ಆಡಬೇಡ ಅಂದಾರು, ಆಮೇಲೆ ಸರಿಹೋದೀತು. ಹೀಗೆ ತನಗೆ ತಾನೇ ಹೇಳಿಕೊಂಡಳು. ಕಳಿಸುವ ಗುಂಡಿಯ ಮೇಲೆ ಬೆರಳು ಇಟ್ಟವಳು ಇನ್ನೊಂದು ಸಲ ನೋಡೋಣ ಎಂದು ನೋಡಿದಳು. ತನ್ನ ದನಿ ಅಡುಗೆಮನೆಯಲ್ಲಿ ಮೊಳಗಿತು. ಹೊಡ್ದು ಬೀಳ್ಸು ಅವನ್ನ! ಅದು ತನ್ನ ದನಿಯೇ? ಡೋರಿಸ್ ಇದನ್ನು ಕೇಳಬೇಕೇ? ರಾತ್ರಿ ಹೆದರಿದಾಗ ಜೆಫ್ರಿ ನೆನಪು ಮಾಡಿಕೊಳ್ಳುವುದು ಇದನ್ನೇ?

ಫೋನಿನಲ್ಲಿ ಸದ್ದು ತೆಗೆಯುವುದು ಸುಲಭ. ಅದನ್ನು ಅವಳಿಗೆ ಕಲಿಸಿದವನು ಅಮೋಘನೇ. ಸದ್ದು ತೆಗೆದಳು, ಲೀಗಿಗೆ ಕಳಿಸಿದಳು, ಮೂಲವನ್ನು ಅಳಿಸಿದಳು. ಮೂರು ಕೆಲಸಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ಲೀಗಿನಿಂದ ಅಮೋಘನಿಗೆ ನೋಟಿಸು ಬಂದದ್ದು ಮೂರು ದಿನದ ಮೇಲೆ. ವಿಡಿಯೋ ಸಿಕ್ಕಿದೆ, ಕಳಿಸಿದವರು ನಿಮ್ಮ ತಾಯಿ ಎಂದು ಅದರಲ್ಲೇ ಇತ್ತು. ಉದಯಶಂಕರ "ಎಂಥಾ ಕೆಲಸ ಮಾಡ್ಬಿಟ್ಟೆಯೇ" ಎಂದು ತಲೆಯ ಮೇಲೆ ಕೈ ಹೊತ್ತು ಕೂತ. ಅಮೋಘ ಕೂಗಾಡಲಿಲ್ಲ. ಬಾಗಿಲಿಗೆ ಒರಗಿ ನಿಂತು ಅವಳನ್ನು ನೋಡಿದ. ಹುಟ್ಟಿದಾಗಿನಿಂದ ಪರ್ತಿನಲ್ಲೇ ಬೆಳೆದ ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷು. "ಓಕೆ, ಅಮ್ಮಾ" ಎಂದ. "ನೀನು ಮಾಡಿದ್ದು ಸರಿ. ನನಗೆ ಧೈರ್ಯ ಇರಲಿಲ್ಲ. ನಿನಗಾದರೂ ಇತ್ತು."

ಮಗ ತನ್ನನ್ನು ಮೆಚ್ಚಿದ ಆ ಗಳಿಗೆ ಜಯಲಕ್ಷ್ಮಿಗೆ ಬದುಕಿನಲ್ಲೇ ಅತ್ಯಂತ ಅಸಹ್ಯದ್ದಾಗಿತ್ತು. ಈಗಲೇ ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ. ಮಗ ಕೈತಪ್ಪಿ ಹೋಗಲಿಲ್ಲವಲ್ಲ ಅನ್ನುವ ಸಮಾಧಾನ ಬಾಯಿ ಕಟ್ಟಿತು.

ವಿಚಾರಣೆ ಸೆಪ್ಟೆಂಬರಿನಲ್ಲಿ, ಬ್ರಿಸ್ಬೇನಿನಲ್ಲಿ ನದಿಗೆ ಎದುರಾದ ಒಂದು ಕಟ್ಟಡದ ಒಂಬತ್ತನೇ ಮಹಡಿಯಲ್ಲಿ. ಉದಯಶಂಕರ ಬರಲಿಲ್ಲ, ನನ್ನಿಂದ ನೋಡೋಕಾಗಲ್ಲ ಎಂದ. ಉದ್ದನೆಯ ಮೇಜು, ನೀರಿನ ಬಾಟಲಿಗಳು, ಗೋಡೆಗೆ ದೊಡ್ಡ ಪರದೆ. ಸಮಿತಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ತಲೆಗೂದಲು ಪೂರ್ತಿ ನೆರೆತ, ಮೆತ್ತಗೆ ಮಾತಾಡುವ ಹೆಂಗಸು. ಅಕ್ಕಪಕ್ಕ ಇಬ್ಬರು ಹಳೆಯ ಆಟಗಾರರು. ಒಂದು ಬದಿಯಲ್ಲಿ ಅಮೋಘ ಮತ್ತು ವಕೀಲ. ಇನ್ನೊಂದು ಬದಿಯಲ್ಲಿ ಡೋರಿಸ್, ಕ್ಯಾಸಿಮಿರ್. ಡೋರಿಸ್ ತನ್ನ ಪಕ್ಕದ ಕುರ್ಚಿ ತಟ್ಟಿ ಜಯಲಕ್ಷ್ಮಿಯನ್ನು ಅಲ್ಲೇ ಕೂರಿಸಿಕೊಂಡಳು. ಅಲ್ಲಿ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ.

ಪರದೆಯ ಮೇಲೆ ಹನ್ನೊಂದು ಸೆಕೆಂಡು ಓಡಿತು. ಸದ್ದಿಲ್ಲದೆ ನೋಡಿದರೆ ಇನ್ನೂ ಭಯಂಕರವಾಗಿತ್ತು. ಕ್ಯಾಸಿಮಿರ್ ಒಮ್ಮೆ ನರಳಿ ಮುಖ ಮುಚ್ಚಿಕೊಂಡ. ಅಮೋಘ ಪರದೆಯನ್ನು ನೋಡಲಿಲ್ಲ, ಆಮೇಲೆ ನೋಡಿದ. ಮೊದಲನೇ ಸಲ ಮುಗಿದಾಗ ಅವನ ಹುಬ್ಬು ಗಂಟಿಕ್ಕಿತು. ಎರಡನೇ ಸಲ ಹಾಕಿದಾಗ ಅವನು ಪರದೆ ಬಿಟ್ಟು ತಾಯಿಯ ಕಡೆ ತಿರುಗಿದ. ಸದ್ದು ಎಲ್ಲಿ ಹೋಯಿತು ಎಂದು ಆ ಕಣ್ಣು ಕೇಳಿತು. ಅವಳು ನೆಲ ನೋಡಿದಳು.

"ಇದಕ್ಕೆ ಸದ್ದಿಲ್ಲವಲ್ಲ?" ಎಂದು ಅಧ್ಯಕ್ಷೆ ಕೇಳಿದರು.

"ಇಂಡಿಯಾದಲ್ಲಿರೋ ಅಕ್ಕನಿಗೆ ಕಳಿಸೋಕೆ ಸದ್ದು ತೆಗೆದಿದ್ದೆ. ಮೂಲದ್ದು ಅಳಿಸಿಹೋಯಿತು" ಎಂದಳು ಜಯಲಕ್ಷ್ಮಿ.

ಅವರು ನಂಬಿದರು. ಯಾಕೆ ನಂಬಬಾರದು? ಸ್ವಂತ ಮಗನ ವಿರುದ್ಧ ಸಾಕ್ಷಿ ತಂದುಕೊಟ್ಟ ತಾಯಿ. "ನಿಮ್ಮ ಪ್ರಾಮಾಣಿಕತೆಯನ್ನು ಈ ಸಮಿತಿ ಮರೆಯುವುದಿಲ್ಲ" ಎಂದರು. ಅಮೋಘನ ವಕೀಲ ಎದ್ದು ಆಟದ ಬಿಸಿ, ವಯಸ್ಸು, ಕ್ಷಣದ ಕೋಪ ಎಂದೆಲ್ಲ ಹೇಳಲು ಹೊರಟ. ಅಮೋಘ ಅವನ ತೋಳು ಹಿಡಿದು ಕೂರಿಸಿದ. "ನಾನೇ ಹೊಡೆದೆ. ಸುಳ್ಳು ಹೇಳಿದ್ದೆ" ಎಂದ.

ಸಮಿತಿಯ ಮೂವರೂ ತಲೆ ಹತ್ತಿರ ತಂದು ಮಾತಾಡಿಕೊಂಡರು. ತಪ್ಪೊಪ್ಪಿಕೊಂಡಿದ್ದಾನೆ, ಹಿಂದೆ ಯಾವ ದೂರೂ ಇಲ್ಲ, ಆವೇಶದಲ್ಲಿ ಮಾಡಿದ್ದಾದರೆ ಮೂರು ವರ್ಷದ ನಿಷೇಧ ನಿಯಮದಲ್ಲಿದೆ ಎಂದು ಅಧ್ಯಕ್ಷೆ ಹೇಳಿದರು. ಜಯಲಕ್ಷ್ಮಿ ಉಸಿರು ಬಿಟ್ಟಳು. ಮೂರು ವರ್ಷ. ಇಪ್ಪತ್ತೈದಕ್ಕೆ ಮತ್ತೆ ಆಡಬಹುದು.

ಅಷ್ಟರಲ್ಲಿ ಹಳೆಯ ಆಟಗಾರರಲ್ಲೊಬ್ಬ ವಿಡಿಯೋವನ್ನು ನಡುವೆ ನಿಲ್ಲಿಸಲು ಹೇಳಿದ. "ಒಂದು ಸಂಗತಿ ನನಗೆ ತಿಳೀತಿಲ್ಲ. ಈ ಹುಡುಗ ಯಾಕೆ ಮೇಲೆ ನೋಡ್ತಾನೆ? ಮುಂದೆ ನೋಡ್ತಿದ್ದಿದ್ದರೆ ಕೈಯಾದರೂ ಅಡ್ಡ ಕೊಡ್ತಿದ್ದ, ಕುತ್ತಿಗೆ ಉಳೀತಿತ್ತು."

ಪರದೆಯ ಮೇಲೆ ಜೆಫ್ರಿಯ ಮುಖ ನಿಂತಿತ್ತು. ಹುಡುಕುತ್ತಿದ್ದ ಮುಖ, ಸಿಕ್ಕರು ಅನ್ನುವ ಹಾಗೆ ತುಟಿಯ ತುದಿಯಲ್ಲಿ ನಗೆ ಮೂಡುತ್ತಿದ್ದ ಮುಖ. ಮನೆಯಲ್ಲಿ ಚಿಕ್ಕ ಫೋನಿನಲ್ಲಿ ಆ ನಗೆ ಜಯಲಕ್ಷ್ಮಿಗೆ ಕಂಡಿರಲಿಲ್ಲ.

ಡೋರಿಸ್ ಎದ್ದು ನಿಂತಳು. "ಜಯಾ ಅವನನ್ನ ಕರೆದಳು. ಎಚ್ಚರಿಸೋಕೆ ಕರೆದಳು. ನನ್ನ ಮಗನಿಗೆ ಅದು ನೆನಪಿದೆ."

ಅಧ್ಯಕ್ಷೆಯ ಮುಖ ಬದಲಾಯಿತು. ಅವರು ಅಮೋಘನ ಕಡೆ ತಿರುಗಿದರು. "ನಿನ್ನ ತಾಯಿ ಕೂಗಿದ್ದು ನಿನಗೂ ಕೇಳಿಸಿತೇ?"

"ಕೇಳಿಸಿತು."

"ಏನು ಕೂಗಿದರು?"

ಹೇಳಿಬಿಡು ಮಗನೇ ಎಂದು ಜಯಲಕ್ಷ್ಮಿಯ ಅರ್ಧ ಜೀವ ಬೇಡಿತು, ಹೇಳಬೇಡ ಎಂದು ಇನ್ನರ್ಧ ಬೇಡಿತು. ಹೆತ್ತ ತಾಯಿಯೇ ಹೊಡಿ ಎಂದಳು ಎಂದು ಅವನು ಹೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಮೂರು ವರ್ಷ ಎರಡಾಗುತ್ತಿತ್ತೋ ಏನೋ. ಅಮೋಘ ಡೋರಿಸ್ ಕಡೆ ನೋಡಿದ. ಪರದೆಯ ಮೇಲಿನ ಜೆಫ್ರಿಯ ನಗೆ ನೋಡಿದ. ತಾಯಿಯನ್ನು ಮಾತ್ರ ನೋಡಲಿಲ್ಲ.

"ಜೆಫ್ರೀ, ಹುಷಾರು ಅಂತ ಕೂಗಿದರು" ಎಂದ.

"ಅದು ಕೇಳಿಯೂ ಹೊಡೆದೆಯಾ?"

"ಹೊಡೆದೆ."

ಜಯಲಕ್ಷ್ಮಿ ಎದ್ದಳು. "ನಾನು" ಎಂದಳು. ಮುಂದಿನ ಮಾತು ಬಾಯಿಗೆ ಬಂದೂ ಬಿಟ್ಟಿತ್ತು. ಡೋರಿಸ್ ಅವಳ ಕೈ ಹಿಡಿದು "ಕೂತ್ಕೋ ಜಯಾ, ಸಾಕು, ನೀನು ಮಾಡ್ಬೇಕಾದ್ದು ಮಾಡಿದ್ದಿ" ಎಂದು ಕನ್ನಡದಲ್ಲಿ ಪಿಸುಗುಟ್ಟಿದಳು. ಅವಳು ಕೂತುಬಿಟ್ಟಳು. ಯಾರೂ ಬಲವಂತ ಮಾಡಿ ಕೂರಿಸಲಿಲ್ಲ, ತಾನೇ ಕೂತಳು.

ತೀರ್ಪು ಬರಲು ಅರ್ಧ ಗಂಟೆಯಾಯಿತು. ಸ್ವಂತ ತಾಯಿ ಎಚ್ಚರಿಸುವ ದನಿ ಕೇಳಿಯೂ ಹೊಡೆದದ್ದರಿಂದ ಇದು ಆವೇಶದ ಕೃತ್ಯವಲ್ಲ, ಬೇಕೆಂದೇ ಮಾಡಿದ್ದು ಎಂದು ಅಧ್ಯಕ್ಷೆ ಓದಿದರು. ಅಮೋಘನಿಗೆ ಆಜೀವ ನಿಷೇಧ. ಈ ಲೀಗಿನಲ್ಲಿ ಮಾತ್ರವಲ್ಲ, ಇದರ ಜೊತೆ ಒಪ್ಪಂದವಿರುವ ಯಾವ ದೇಶದ ಲೀಗಿನಲ್ಲೂ ಅವನು ಮತ್ತೆ ಐಸ್ ಮೇಲೆ ಇಳಿಯುವ ಹಾಗಿಲ್ಲ. ಅಮೋಘ ತಲೆ ಬಾಗಿಸಿ "ಥ್ಯಾಂಕ್ ಯೂ" ಎಂದ. ಅಂಥ ಮಾತಿಗೆ ಯಾರಾದರೂ ಥ್ಯಾಂಕ್ ಯೂ ಅನ್ನುತ್ತಾರೆಯೇ!

ಹೊರಗಿನ ಕಾರಿಡಾರಿನಲ್ಲಿ ಡೋರಿಸ್ ಜಯಲಕ್ಷ್ಮಿಯ ಕೆನ್ನೆಗೆ ಮುತ್ತಿಟ್ಟು "ನಿನ್ನ ಋಣ ತೀರಿಸ್ಲಿಕ್ಕೆ ಆಗುದಿಲ್ಲ" ಎಂದಳು. ಅಮೋಘ ಕ್ಯಾಸಿಮಿರ್ ಎದುರು ಹೋಗಿ ನಿಂತ. ಕ್ಯಾಸಿಮಿರ್ ಮೊದಲೇ ಮಾತು ಕಡಿಮೆಯ ಮನುಷ್ಯ. ಬಹಳ ಹೊತ್ತು ಹುಡುಗನನ್ನು ನೋಡಿದ, ಕೈ ಎತ್ತುತ್ತಾನೇನೋ ಅನ್ನಿಸಿತು.

"ಅಂಕಲ್, ನಾನು ಬಂದು ಅವನಿಗೆ ಹೇಳಬಹುದಾ? ನಾನೇ ಅಂತ?"

"ಬಾ" ಎಂದ ಕ್ಯಾಸಿಮಿರ್. "ನಿನ್ನ ಬಾಯಿಂದಲೇ ಕೇಳ್ಲಿ. ಅವನು ನಿನ್ನ ಮುಖ ನೋಡುದಿಲ್ಲ ಅಂದ್ರೆ ವಾಪಸ್ ಹೋಗ್ಬೇಕು."

ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಪರ್ತಿನ ವಿಮಾನ ಒಂದು ಗೇಟಿನಲ್ಲಿ, ಅಡಿಲೇಡಿನದು ಇನ್ನೊಂದರಲ್ಲಿ. ಡೋರಿಸ್, ಕ್ಯಾಸಿಮಿರ್ ಮುಂದೆ ಹೋಗಿದ್ದರು. ಅಮೋಘ ಬೆನ್ನಿಗೆ ಚೀಲ ಹಾಕಿಕೊಂಡು ನಿಂತಿದ್ದ. ಅವಳು ಅವನ ತೋಳು ಹಿಡಿದಳು.

"ಯಾಕೋ ಹೇಳ್ಲಿಲ್ಲ ನೀನು? ಯಾಕೋ ಕಂದಾ? ನಾನೇ ತಾನೇ ಹೇಳಿದ್ದು ಹೊಡಿ ಅಂತ?"

"ಹೊಡೆದಿದ್ದು ನನ್ನ ಕೈ."

"ನಾನೂ ಬರ್ತೀನಿ ಕಣೋ. ಜೆಫ್ರಿ ಹತ್ರ ನಾನೇ ಎಲ್ಲಾ ಹೇಳ್ಬಿಡ್ತೀನಿ. ಡೋರಿಸ್‌ಗೂ ಹೇಳ್ತೀನಿ. ಆ ಜಡ್ಜಮ್ಮಂಗೂ ಫೋನ್ ಮಾಡ್ತೀನಿ."

"ಹೇಳಿದರೆ ನಿನಗೆ ಹಗುರ ಆಗುತ್ತೆ" ಎಂದ ಅವನು, ದನಿ ಏರಿಸದೆ. "ಅವನಿಗೆ ಏನು ಉಳಿಯುತ್ತೆ? ಹೆದರಿಕೆ ಆದಾಗ ಅದನ್ನೇ ನೆನೆಸಿಕೊಳ್ತಾನಂತೆ, ಆಂಟಿ ಈಗ ಹೇಳಿದರು. ನಾನು ಅವನ ಮೈ ಕಿತ್ಕೊಂಡಿದೀನಿ. ನೀನು ಇದನ್ನೂ ಕಿತ್ಕೋಬೇಡ."

"ಹಾಗಾದ್ರೆ ಸುಮ್ನೆ ಬಂದು ಪಕ್ಕ ಕೂತ್ಕೋತೀನಿ. ಏನೂ ಹೇಳಲ್ಲ. ನಿನ್ ಜೊತೆ ಇರ್ತೀನಿ ಅಷ್ಟೇ."

ಅಡಿಲೇಡಿನ ಪ್ರಯಾಣಿಕರನ್ನು ಕರೆ‌ಯತೊಡಗಿದರು. ಅಮೋಘ ಅವಳ ಬೆರಳುಗಳನ್ನು ಒಂದೊಂದಾಗಿ ತನ್ನ ತೋಳಿನಿಂದ ಬಿಡಿಸಿದ, ಚಿಕ್ಕ ಮಕ್ಕಳ ಕೈ ಬಿಡಿಸುವಷ್ಟು ಮೆತ್ತಗೆ. ಆಮೇಲೆ ಇಪ್ಪತ್ತೆರಡು ವರ್ಷದಲ್ಲಿ ಎಂದೂ ಮಾಡದ್ದನ್ನು ಮಾಡಿದ. ಅವಳಿಗೆ ಕನ್ನಡದಲ್ಲಿ ಉತ್ತರ ಕೊಟ್ಟ, ಪದ ಪದಕ್ಕೆ ತಡವರಿಸುತ್ತ.

"ನೀನು ಬರ್ಬೇಡ ಅಮ್ಮಾ. ನಿನ್ನ ವಾಯ್ಸ್ ಕೇಳಿದ್ರೆ ಜೆಫ್ರಿಗೆ ಖುಷಿ ಆಗತ್ತೆ. ಅದು... ಅದು ನನ್ಗೆ ನೋಡಕ್ಕಾಗಲ್ಲ."

ಚೀಲ ಸರಿಮಾಡಿಕೊಂಡು ಅವನು ಸಾಲಿನಲ್ಲಿ ಹೋಗಿ ನಿಂತ. ಕ್ಯಾಸಿಮಿರ್ ತನ್ನ ಹಿಂದೆ ಅವನಿಗೆ ಜಾಗ ಬಿಟ್ಟ. ಜಯಲಕ್ಷ್ಮಿಗೆ ಅವನನ್ನು ಕೂಗಿ ಕರೆಯಬೇಕೆನ್ನಿಸಿತು, ಹೆಸರು ನಾಲಿಗೆಯ ತುದಿಗೆ ಬಂತು. ಕೂಗಲು ಅವಳಿಗೆ ಧೈರ್ಯ ಬರಲಿಲ್ಲ.